ತಾಟೆಯ ಹೊಕ್ಕುಳು, ತುಕ್ಕಿನ ಬೇರು

ಅಪ್ಪ ತೀರಿಕೊಂಡ ವರ್ಷ ಊರಿನ ಮನೆಯ ಅಟ್ಟವನ್ನು ತೆರವು ಮಾಡುತ್ತಿದ್ದಾಗ, ಹಳೆಯ ಗೋಣಿಚೀಲವೊಂದರಲ್ಲಿ ನನ್ನ ಬಿ.ಎಸ್ಸಿ. ದಿನಗಳ ಎರಡು ರೆಕಾರ್ಡ್ ಪುಸ್ತಕಗಳು ಸಿಕ್ಕವು. ಮಲೆನಾಡಿನ ತೇವಕ್ಕೆ ಎರಡರ ರಟ್ಟುಗಳೂ ಉಬ್ಬಿ ಒಂದಕ್ಕೊಂದು ಅಂಟಿಕೊಂಡಿದ್ದವು. ಒಂದು ಪ್ರಾಣಿಶಾಸ್ತ್ರದ್ದು, ಇನ್ನೊಂದು ಸಸ್ಯಶಾಸ್ತ್ರದ್ದು. ಸಿಬಿಝೆಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಓದಿದವರಿಗೆ ಈ ಪುಸ್ತಕಗಳನ್ನು ವಿವರಿಸಬೇಕಾಗಿಲ್ಲ. ಗೆರೆಯಿರುವ ಪುಟ, ಎದುರಿಗೆ ಖಾಲಿ ಪುಟ, ಖಾಲಿ ಪುಟದಲ್ಲಿ ಚೂಪು ಪೆನ್ಸಿಲಿನ ಚಿತ್ರ, ಸ್ಕೇಲಿಟ್ಟು ಎಳೆದ ಗೆರೆಗಳ ತುದಿಗೆ ಹೆಸರುಗಳು. ಪ್ರಾಣಿಶಾಸ್ತ್ರದ ಪುಸ್ತಕದ ಬಹುಪಾಲನ್ನು ಒಂದೇ ಜೀವಿ ಆಕ್ರಮಿಸಿತ್ತು: ಸ್ಕೋಲಿಯೋಡಾನ್, ನಮ್ಮ ಕರಾವಳಿಯ ಚಿಕ್ಕ ತಾಟೆ ಮೀನು, ಅಂದರೆ ಶಾರ್ಕ್. ಕಿವಿರಿಗೆ ರಕ್ತ ಒಯ್ಯುವ ನಾಳಗಳಿಗೆ ನೀಲಿ, ಕಿವಿರಿನಿಂದ ರಕ್ತ ತರುವ ನಾಳಗಳಿಗೆ ಕೆಂಪು ಬಣ್ಣ ತುಂಬಿದ್ದೆ. ಸಸ್ಯಶಾಸ್ತ್ರದ ಪುಸ್ತಕದಲ್ಲಿ ಪಕ್ಸೀನಿಯಾ ಇತ್ತು, ಗೋಧಿಯ ಕಾಂಡಕ್ಕೆ ಬರುವ ತುಕ್ಕಿನ ಶಿಲೀಂಧ್ರ. ಅದರ ಬೀಜಾಣುಗಳಿಗೆ ನಾನು ತುಂಬಿದ್ದ ಕಿತ್ತಳೆ ಬಣ್ಣ ಮೂವತ್ತು ವರ್ಷಗಳ ಹತ್ತಿರಕ್ಕೆ ಬಂದರೂ ಮಾಸಿರಲಿಲ್ಲ.

ಅಟ್ಟದ ಮೇಲೆಯೇ ಕುಳಿತು ಹಾಳೆ ಮಗುಚುತ್ತಿದ್ದಾಗ ಎರಡು ಚಿತ್ರಗಳು ನನ್ನನ್ನು ಹಿಡಿದು ನಿಲ್ಲಿಸಿದವು. ಒಂದರಲ್ಲಿ ಮರಿ ತಾಟೆಯ ಹೊಟ್ಟೆಯಿಂದ ಹೊರಟ ಬಳ್ಳಿಯೊಂದು ತಾಯಿಯ ಗರ್ಭಕೋಶದ ಗೋಡೆಗೆ ಹೋಗಿ, ಅಲ್ಲಿ ಉಬ್ಬಿ, ಒತ್ತಿಕೊಂಡು ಕುಳಿತಿತ್ತು. ಇನ್ನೊಂದರಲ್ಲಿ ಶಿಲೀಂಧ್ರದ ಎಳೆಯಿಂದ ಹೊರಟ ಸಣ್ಣ ಕತ್ತೊಂದು ಎಲೆಯ ಜೀವಕೋಶದೊಳಕ್ಕೆ ಹೋಗಿ, ಅಲ್ಲಿ ಉಬ್ಬಿ, ಒತ್ತಿಕೊಂಡು ಕುಳಿತಿತ್ತು. ಒಂದರ ಕೆಳಗೆ ಪ್ಲಸೆಂಟಾ (ಮಾಸು) ಎಂದೂ ಇನ್ನೊಂದರ ಕೆಳಗೆ ಹಾಸ್ಟೋರಿಯಂ ಎಂದೂ ಬರೆದಿದ್ದೆ. ಹೆಸರುಗಳನ್ನು ಬೆರಳಿನಿಂದ ಮುಚ್ಚಿದರೆ ಯಾವುದು ಯಾವುದೆಂದು ಹೇಳುವುದು ಕಷ್ಟವಾಗಿತ್ತು. ಒಂದೇ ವರ್ಷದಲ್ಲಿ, ಒಂದೇ ಕೈಯಿಂದ, ಪ್ರಾಯಶಃ ಒಂದೇ ಪೆನ್ಸಿಲಿನಿಂದ ಇವೆರಡನ್ನೂ ಬರೆದಿದ್ದ ನನಗೆ ಆಗ ಈ ಹೋಲಿಕೆ ಕಂಡಿರಲೇ ಇಲ್ಲ. ಕಾಣದಿರಲು ಕಾರಣವೂ ಇತ್ತು. ಪ್ರಾಣಿಶಾಸ್ತ್ರದ ಪ್ರಯೋಗಾಲಯ ಕೆಳಗಿನ ಮಹಡಿಯಲ್ಲಿತ್ತು, ಸಸ್ಯಶಾಸ್ತ್ರದ್ದು ಮೇಲಿನದರಲ್ಲಿ. ಮೆಟ್ಟಿಲು ಹತ್ತುವಾಗ ಒಂದನ್ನು ಮರೆತು ಇನ್ನೊಂದಕ್ಕೆ ಸಿದ್ಧವಾಗುವುದು ನಮಗೆ ಅಭ್ಯಾಸವಾಗಿಬಿಟ್ಟಿತ್ತು.

ಮೇಣದ ತಟ್ಟೆಯ ಮೇಲೆ

ನಾನು ಓದಿದ್ದು ಉಡುಪಿಯ ಕಡೆ. ಘಟ್ಟದ ಮೇಲಿನ ಕಾಫಿ ತೋಟದ ಮನೆಯಿಂದ ಹೋದವಳಿಗೆ ಸಮುದ್ರವೇ ಹೊಸದು, ಇನ್ನು ತಾಟೆಯನ್ನು ಕೈಯಲ್ಲಿ ಹಿಡಿಯುವುದಂತೂ ಊಹೆಗೂ ಮೀರಿದ್ದು. ಶಾರ್ಕ್ ಎಂದರೆ ಮನುಷ್ಯರನ್ನು ಸೀಳುವ ದೈತ್ಯ ಎಂದೇ ನಂಬಿದ್ದ ನಮ್ಮ ಮುಂದೆ, ಕಪ್ಪು ಮೇಣ ತುಂಬಿದ ತಟ್ಟೆಯ ಮೇಲೆ, ಮೊಳದಷ್ಟು ಉದ್ದದ ಬೂದು ಬಣ್ಣದ ಮೀನೊಂದನ್ನು ಅಟೆಂಡರ್ ತಂದಿಟ್ಟರು. ಸನಿಕೆಯಂತೆ ಚಪ್ಪಟೆಯಾದ ಮೂತಿ, ಚಿಕ್ಕ ಕಣ್ಣು, ಬಾಲದ ಕಡೆಯಿಂದ ತಲೆಯ ಕಡೆಗೆ ಸವರಿದರೆ ಉಪ್ಪುಕಾಗದದಂತೆ ಒರಟಾದ ಚರ್ಮ. ಈ ಜಾತಿಯ ಮೀನು ಮುಕ್ಕಾಲು ಮೀಟರನ್ನು ಮೀರಿ ಬೆಳೆಯುವುದಿಲ್ಲ. ತೀರಕ್ಕೆ ಹತ್ತಿರದ ಆಳವಿಲ್ಲದ ನೀರಿನಲ್ಲಿ ಗುಂಪಾಗಿದ್ದು ಸಿಗಡಿ, ಸಣ್ಣ ಮೀನು, ಬೊಂಡಾಸಗಳನ್ನು ತಿಂದು ಐದಾರು ವರ್ಷ ಬದುಕುತ್ತದೆ. ನಮ್ಮ ಪುಸ್ತಕಗಳು ಅದನ್ನು ಸ್ಕೋಲಿಯೋಡಾನ್ ಸೊರ್ರಕೋವಾ ಎಂದು ಕರೆಯುತ್ತಿದ್ದವು. ವಿಶಾಖಪಟ್ಟಣದ ಮೀನುಗಳನ್ನು ಚಿತ್ರಿಸಿ 1803ರಲ್ಲಿ ಪ್ರಕಟಿಸಿದ ಪ್ಯಾಟ್ರಿಕ್ ರಸೆಲ್, ಅಲ್ಲಿನ ಬೆಸ್ತರ ಬಾಯಿಂದ ಕೇಳಿದ ತೆಲುಗಿನ ‘ಸೊರ’ ಎಂಬ ಮಾತೇ ಹೀಗೆ ಲ್ಯಾಟಿನ್ ವೇಷ ಹಾಕಿಕೊಂಡಿತು. ಈಗ ಸರಿಯೆಂದು ಒಪ್ಪಿರುವ ಹೆಸರು ಸ್ಕೋಲಿಯೋಡಾನ್ ಲ್ಯಾಟಿಕಾಡಸ್. 1838ರಲ್ಲಿ ಜರ್ಮನಿಯ ಯೊಹಾನೆಸ್ ಮ್ಯುಲರ್ ಮತ್ತು ಯಾಕೋಬ್ ಹೆನ್ಲೆ ಕೊಟ್ಟದ್ದು. ಭಾರತದ ಕಾಲೇಜುಗಳಿಗೆ ಇದು ಪಾಠದ ಮೀನಾಗುವುದಕ್ಕೆ 1928ರಲ್ಲಿ ಇ.ಎಂ. ತಿಲ್ಲೈಯಂಪಲಂ ಎಂಬ ವಿದುಷಿ ಇದರ ಅಂಗರಚನೆಯ ಬಗ್ಗೆ ಬರೆದ ಕಿರುಗ್ರಂಥ ದೊಡ್ಡ ಆಧಾರವಾಯಿತು. ಆಕೆಯ ಹೆಸರನ್ನು ನಮಗೆ ಯಾರೂ ಹೇಳಿರಲಿಲ್ಲ.

ಕಪಾಲ ನರಗಳನ್ನು ಬಿಡಿಸುವುದು ಆ ದಿನದ ಕೆಲಸವಾಗಿತ್ತು. ನನ್ನ ಪಕ್ಕದ ಮೇಜಿನ ಹುಡುಗಿ, ಬೇಡದಿದ್ದರೂ, ಹೊಟ್ಟೆಯ ಭಾಗಕ್ಕೂ ಕತ್ತರಿ ಇಟ್ಟಳು. ಇಟ್ಟವಳು ಒಂದು ಕ್ಷಣ ಸುಮ್ಮನೆ ನಿಂತು, ಆಮೇಲೆ ಕೂಗಿದಳು. ಒಳಗೆ ಮರಿಗಳಿದ್ದವು. ಬೆರಳಿನಷ್ಟು ಉದ್ದದ, ಆಗಲೇ ಪೂರ್ತಿಯಾಗಿ ತಾಟೆಗಳಾಗಿದ್ದ, ಅದೇ ಸನಿಕೆ ಮೂತಿಯ ಹನ್ನೊಂದು ಮರಿಗಳು. ನಮ್ಮ ಮೇಷ್ಟ್ರು ಎಲ್ಲರ ಕೆಲಸವನ್ನೂ ನಿಲ್ಲಿಸಿ ಆ ಮೇಜಿನ ಸುತ್ತ ನಿಲ್ಲಿಸಿದರು. ಚಿಮುಟದಿಂದ ಒಂದು ಮರಿಯನ್ನು ನಿಧಾನವಾಗಿ ಎತ್ತಿದರು. ಅದು ಪೂರ್ತಿ ಮೇಲೆ ಬರಲಿಲ್ಲ. ಎರಡೂ ಎದೆರೆಕ್ಕೆಗಳ ನಡುವಿನಿಂದ ಹೊರಟ ಬಿಳಿಯ ಬಳ್ಳಿಯೊಂದು ಅದನ್ನು ಒಳಕ್ಕೆ ಜಗ್ಗುತ್ತಿತ್ತು. ಆ ಬಳ್ಳಿಯ ಮೈತುಂಬ ಕೂದಲಿನಂಥ ಕುಚ್ಚುಗಳಿದ್ದವು. ಫಾರ್ಮಲಿನ್ ದ್ರಾವಣವನ್ನು ಹನಿಸಿದಾಗ ಕುಚ್ಚುಗಳು ಬಿಡಿಬಿಡಿಯಾಗಿ ಅರಳಿ ನಿಂತವು. ‘ಮೀನು ಮೊಟ್ಟೆ ಇಡುತ್ತದೆ ಎಂದು ನೀವು ಎಸ್ಸೆಸ್ಸೆಲ್ಸಿಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೀರಿ. ಈಗ ಇದನ್ನು ನೋಡಿ’ ಎಂದಷ್ಟೇ ಅವರು ಹೇಳಿದರು.

ಆ ಹೊತ್ತಿನಲ್ಲಿ ಅವರು ಹೇಳದೆ ಬಿಟ್ಟದ್ದನ್ನು ನಾನು ನಿಧಾನವಾಗಿ, ಬೇರೆ ಬೇರೆ ಕಡೆ ಓದಿ ತಿಳಿದುಕೊಂಡೆ. ತಾಟೆಗಳ ಬಳಗದಲ್ಲಿ ಮೊಟ್ಟೆ ಇಡುವವೂ ಇವೆ, ಮೊಟ್ಟೆಯನ್ನು ಹೊಟ್ಟೆಯಲ್ಲೇ ಒಡೆಸಿ ಮರಿ ಹಾಕುವವೂ ಇವೆ. ತಾಯಿ ಮರಿಗಳ ನಡುವೆ ಮಾಸು ಬೆಳೆದು, ನಮ್ಮ ಹಾಗೆ ರಕ್ತದಿಂದ ರಕ್ತಕ್ಕೆ ಆಹಾರ ದಾಟುವ ಬಗೆ ಕೆಲವಕ್ಕೆ ಮಾತ್ರ ಒಲಿದಿದೆ. ಅಂಥ ಒಂದು ತಾಟೆಯನ್ನು ಅರಿಸ್ಟಾಟಲ್ ನೋಡಿ ಬರೆದಿಟ್ಟಿದ್ದ. ಅದನ್ನು ನಂಬದೆ ಶತಮಾನಗಳು ಕಳೆದವು. ಕೊನೆಗೆ ಅದು ನಿಜವೆಂದು 1840ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟವರು ಅದೇ ಯೊಹಾನೆಸ್ ಮ್ಯುಲರ್, ನಮ್ಮ ಕರಾವಳಿಯ ಮೀನಿಗೆ ಹೆಸರಿಟ್ಟ ಇಬ್ಬರಲ್ಲಿ ಒಬ್ಬರು. ಆದರೆ ಈ ಕೊಡುಕೊಳ್ಳುವಿಕೆಯನ್ನು ಎಲ್ಲಕ್ಕಿಂತ ಮುಂದಕ್ಕೆ ಒಯ್ದದ್ದು ನಮ್ಮ ತಟ್ಟೆಯ ಮೇಲೆ ಸತ್ತು ಬಿದ್ದಿದ್ದ ಆ ಸಾಧಾರಣ ಮೀನು. ಬೇರೆ ತಾಟೆಗಳು ಮೊಟ್ಟೆಯಲ್ಲಿ ಸಾಕಷ್ಟು ಹಳದಿಯನ್ನು ತುಂಬಿ ಮರಿಗೆ ಬುತ್ತಿ ಕಟ್ಟಿಕೊಡುತ್ತವೆ. ಸ್ಕೋಲಿಯೋಡಾನಿನ ಮೊಟ್ಟೆ ಸುಮಾರು ಒಂದು ಮಿಲಿಮೀಟರು, ರಾಗಿ ಕಾಳಿಗಿಂತಲೂ ಚಿಕ್ಕದು, ತಾಟೆಗಳಲ್ಲೇ ಅತಿ ಸಣ್ಣದು. ಬುತ್ತಿಯೇ ಇಲ್ಲ. ಅದಕ್ಕಾಗಿ ಭ್ರೂಣ ಇನ್ನೂ ಕೆಲವೇ ಮಿಲಿಮೀಟರುಗಳಷ್ಟಿರುವಾಗ ತಾಯಿಯ ಗೋಡೆಗೆ ಕಚ್ಚಿಕೊಳ್ಳುತ್ತದೆ, ಮುಂದಿನ ಐದಾರು ತಿಂಗಳು ತಾಯಿ ಕೊಟ್ಟದ್ದನ್ನೇ ಉಂಡು 12ರಿಂದ 15 ಸೆಂಟಿಮೀಟರ್ ಉದ್ದಕ್ಕೆ ಬೆಳೆದು ಹೊರಬರುತ್ತದೆ. ಮುಂಬಯಿಯ ಸೇಟ್ನಾ ಮತ್ತು ಸಾರಂಗಧರ ಎಂಬ ಇಬ್ಬರು ಈ ಬೆಳವಣಿಗೆಯನ್ನು ಹಂತಹಂತವಾಗಿ ಅಭ್ಯಾಸ ಮಾಡಿ 1948ರಲ್ಲಿ ಬರೆದಿದ್ದಾರೆ.

ಆ ಹನ್ನೊಂದು ಮರಿಗಳನ್ನು ಬಳ್ಳಿಯ ಸಮೇತ ಗಾಜಿನ ಜಾಡಿಗೆ ಹಾಕಿ ಪ್ರಯೋಗಾಲಯದ ಬೀರುವಿನಲ್ಲಿಟ್ಟರು. ಅಂದು ಸಂಜೆ ನಾನು ಬಾಡಿಗೆಗಿದ್ದ ಮನೆಗೆ ಹೋದಾಗ, ಮನೆಯೊಡತಿ ಅಕ್ಕ ಹೆರಿಗೆಗೆಂದು ಬಂದಿದ್ದ ತನ್ನ ಮಗಳಿಗೆ ಬಡಿಸುತ್ತಿದ್ದರು. ಗಂಜಿಯ ಪಕ್ಕದಲ್ಲಿ ಕಾಳುಮೆಣಸು ಬೆಳ್ಳುಳ್ಳಿ ಹಾಕಿದ ಮೀನಿನ ಗಸಿ. ‘ಯಾವ ಮೀನು ಅಕ್ಕಾ?’ ಎಂದೆ. ‘ತಾಟೆ. ಬಾಣಂತಿಗೆ ಕೊಡ್ತಾರೆ. ಹಾಲು ಚೆನ್ನಾಗಿ ಬರ್ತದೆ’ ಎಂದರು. ಹಾಲು ಬರುವುದು ನಿಜವೋ ಅಲ್ಲವೋ, ಪಶ್ಚಿಮ ಕರಾವಳಿಯ ಉದ್ದಕ್ಕೂ ಈ ನಂಬಿಕೆ ಇದೆ. ಮೀನುಗಳಲ್ಲೆಲ್ಲ ತಾಯ್ತನಕ್ಕೆ ಇಷ್ಟು ಹತ್ತಿರವಾದ ಮೀನನ್ನೇ ಬಾಣಂತಿಯ ತಟ್ಟೆಗೆ ಆರಿಸಿದವರು ಯಾರೋ, ಅವರು ಅದರ ಹೊಟ್ಟೆಯನ್ನು ಬಗೆದು ಶುಚಿ ಮಾಡುವಾಗ ಆ ಬಳ್ಳಿಗಳನ್ನು ನೋಡಿದ್ದವರೇ ಇರಬೇಕು ಎಂಬುದು ನನ್ನ ಊಹೆ. ಅರಿಸ್ಟಾಟಲನಂತೆ ಅವರೂ ನೋಡಿದ್ದರು, ಬರೆದಿಡಲಿಲ್ಲ ಅಷ್ಟೆ.

ಎಲೆಯ ಬೆನ್ನು

ಅದೇ ವರ್ಷದ ಮಳೆಗಾಲದ ರಜೆಯಲ್ಲಿ ಊರಿಗೆ ಹೋದಾಗ ಸಸ್ಯಶಾಸ್ತ್ರದ ರೆಕಾರ್ಡನ್ನು ಮುಗಿಸಲೆಂದು ಒಯ್ದಿದ್ದೆ. ಜಗಲಿಯಲ್ಲಿ ಕುಳಿತು ಪಕ್ಸೀನಿಯಾಕ್ಕೆ ಕಿತ್ತಳೆ ಬಣ್ಣ ತುಂಬುತ್ತಿರುವಾಗ ಅಪ್ಪ ತೋಟದಿಂದ ಬಂದು, ಕಂಬಳಿಕೊಪ್ಪೆ ತೆಗೆಯುತ್ತಾ, ‘ಅದೇನು ಬರೀತಿದೀಯ?’ ಎಂದು ಕೇಳಿದರು. ಗೋಧಿಯ ತುಕ್ಕು ಎಂದೆ. ಅವರು ಮತ್ತೆ ಮಳೆಗೆ ಇಳಿದು, ಅಂಗಳದಂಚಿನ ಕಾಫಿ ಗಿಡದಿಂದ ಒಂದು ಎಲೆ ಕಿತ್ತು ತಂದು, ಅದರ ಬೆನ್ನು ಮೇಲಾಗಿ ನನ್ನ ಪುಟದ ಮೇಲೆ ಇಟ್ಟರು. ಎಲೆಯ ಬೆನ್ನಿನ ಮೇಲೆ ಅರಿಶಿನ ಕುಂಕುಮ ಬೆರೆಸಿದಂಥ ಹುಡಿಯ ಮಚ್ಚೆಗಳು. ಹೆಬ್ಬೆರಳಿನಿಂದ ಒರೆಸಿದರೆ ಬೆರಳಿಗೆ ಬಂತು. ‘ಗೋಧಿ ಯಾರು ಬೆಳೀತಾರೆ ಇಲ್ಲಿ? ಇದನ್ನ ಬರಿ’ ಎಂದರು. ಪಠ್ಯದಲ್ಲಿ ಇದಿಲ್ಲ ಎಂದು ನಾನು ಹೇಳಿದ್ದು ಅವರಿಗೆ ಅರ್ಥವೇ ಆಗಲಿಲ್ಲ. ತಮ್ಮ ಜೀವಮಾನವನ್ನೆಲ್ಲ ತಿಂದ ರೋಗ ಪಠ್ಯದಲ್ಲಿಲ್ಲವೆಂದರೆ ಆ ಪಠ್ಯ ಯಾತಕ್ಕೆ ಎಂದು ಅವರ ಮುಖವೇ ಕೇಳುತ್ತಿತ್ತು.

ಅವರ ಕೇಳುವಿಕೆ ನ್ಯಾಯವಾಗಿತ್ತು. ಕಾಫಿಯ ಎಲೆ ತುಕ್ಕು, ಹೆಮಿಲಿಯಾ ವಸ್ಟಾಟ್ರಿಕ್ಸ್, 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡು ವಿಜ್ಞಾನದ ಕಣ್ಣಿಗೆ ಬಿತ್ತು. ಅಲ್ಲಿಂದ ಬಂದ ಎಲೆಗಳನ್ನು ನೋಡಿ ಇಂಗ್ಲೆಂಡಿನ ಬರ್ಕ್ಲಿ ಅದಕ್ಕೆ ಹೆಸರಿಟ್ಟರು. ಬೀಜಾಣುವಿನ ಒಂದು ಬದಿ ಮುಳ್ಳುಮುಳ್ಳು, ಇನ್ನೊಂದು ಬದಿ ನುಣುಪು. ಅರ್ಧ ನುಣುಪಾದದ್ದು ಎಂಬುದಕ್ಕೆ ಹೆಮಿಲಿಯಾ, ಹಾಳುಗೆಡಹುವಂಥದ್ದು ಎಂಬುದಕ್ಕೆ ವಸ್ಟಾಟ್ರಿಕ್ಸ್. ಆಗ ವರ್ಷಕ್ಕೆ ನಾಲ್ಕು ಕೋಟಿ ಕಿಲೋಗೂ ಹೆಚ್ಚು ಕಾಫಿ ಕಳಿಸುತ್ತಿದ್ದ ದ್ವೀಪ ಇಪ್ಪತ್ತು ವರ್ಷಗಳೊಳಗೆ ಚಹಾದ ನಾಡಾಯಿತು. ಅದೇ ಹೊತ್ತಿಗೆ ನಮ್ಮ ಘಟ್ಟಗಳಿಗೂ ತುಕ್ಕು ಬಂತು, ಆದರೆ ಇಲ್ಲಿ ಕಾಫಿ ಅಳಿಯಲಿಲ್ಲ. ಮೈಸೂರು ಸೀಮೆಯ ದೊಡ್ಡೆನಗುಡ್ಡ ತೋಟದಲ್ಲಿ 1911ರ ಸುಮಾರಿಗೆ ಕೆಂಟ್ ಎಂಬ ಪ್ಲಾಂಟರು ತುಕ್ಕು ತಾಳುವ ಗಿಡವೊಂದನ್ನು ಗುರುತಿಸಿದರು. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಲ್ಲಿ ಮೇಯ್ನ್ ಎಂಬ ವಿಜ್ಞಾನಿ, ಕೆಂಟ್ ತಳಿಗೂ ತುಕ್ಕು ಹತ್ತತೊಡಗಿದ್ದು ಯಾಕೆಂದು ಹುಡುಕಿ, ತುಕ್ಕು ಒಂದಲ್ಲ, ಅದರೊಳಗೆ ಬೇರೆ ಬೇರೆ ಕುಲಗಳಿವೆ ಎಂಬುದನ್ನು 1930ರ ದಶಕದ ಆರಂಭದಲ್ಲಿ ತೋರಿಸಿದರು. ಅಲ್ಲಿಯೇ 1940ರ ದಶಕದಲ್ಲಿ ಬಂದ ಎಸ್.795 ಎಂಬ ತಳಿ ನಮ್ಮ ತೋಟದ ತುಂಬ ಇತ್ತು, ಈಗಲೂ ಇದೆ. ಅದಕ್ಕೂ ತುಕ್ಕು ಬರುತ್ತದೆ. ಇಂದಿಗೆ 50ಕ್ಕೂ ಹೆಚ್ಚು ಕುಲಗಳನ್ನು ಗುರುತಿಸಿದ್ದಾರೆ.

ತುಕ್ಕಿಗೆ ಮದ್ದಾದ ಬೋರ್ಡೋ ದ್ರಾವಣ ಹೊಡೆಯುವ ದಿನಗಳು ನಮ್ಮ ಮನೆಯಲ್ಲಿ ಒಂದು ವ್ರತದಂತೆ ನಡೆಯುತ್ತಿದ್ದವು. ಒಂದು ಕಿಲೋ ಮೈಲುತುತ್ತಕ್ಕೆ 200 ಲೀಟರ್ ನೀರು. ಮೈಲುತುತ್ತವನ್ನು ಬೇರೆ ಕರಗಿಸಬೇಕು, ಸುಣ್ಣವನ್ನು ಬೇರೆ ಸೋಸಬೇಕು, ನೀಲಿಯನ್ನು ನಿಧಾನವಾಗಿ ಬಿಳಿಗೆ ಸುರಿಯುತ್ತಾ ಕಲಕಬೇಕು. ಕೊನೆಗೆ ಅಪ್ಪ ಉಜ್ಜಿ ಬೆಳ್ಳಗಾಗಿಸಿದ ಕತ್ತಿಯೊಂದನ್ನು ಅದರಲ್ಲಿ ಅದ್ದಿ ಹಿಡಿಯುತ್ತಿದ್ದರು. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಇನ್ನಷ್ಟು ಸುಣ್ಣ ಬೇಕು, ಕೂರದಿದ್ದರೆ ಸರಿ. ಹೊಡೆಯುವವರಿಗೆ ಅವರು ದಿನಕ್ಕೆ ನೂರು ಸಲ ಹೇಳುತ್ತಿದ್ದ ಮಾತು ಒಂದೇ: ‘ಎಲೆ ಬೆನ್ನಿಗೆ ಹೊಡೀರಿ’. ಎಲೆ ಉಸಿರಾಡುವ ಪತ್ರರಂಧ್ರಗಳಿರುವುದು ಅದರ ಬೆನ್ನಿನಲ್ಲಿ, ತುಕ್ಕು ಹೋಗುವುದು ಆ ಬಾಗಿಲಿನಿಂದ ಮಾತ್ರ ಎಂಬುದನ್ನು ನಾನು ಕಾಲೇಜಿನಲ್ಲಿ ಕಲಿತೆ. ಅವರಿಗೆ ಆ ಪಾಠ ಬೇಕಿರಲಿಲ್ಲ.

ಆ ಜಗಲಿಯ ಸಂಜೆ ಅಪ್ಪ ಹೇಳಿದ ಇನ್ನೊಂದು ಮಾತು ನನ್ನಲ್ಲಿ ಉಳಿದುಕೊಂಡಿದೆ. ‘ಇದು ಗಿಡ ಕೊಲ್ಲಲ್ಲ ಕಣಮ್ಮ. ಬಡವ ಮಾಡುತ್ತೆ’ ಎಂದರು. ರೋಗದ ಸ್ವಭಾವವನ್ನು ಇದಕ್ಕಿಂತ ಕರಾರುವಾಕ್ಕಾಗಿ ಹೇಳಿದ ವಾಕ್ಯವನ್ನು ನಾನು ಪುಸ್ತಕಗಳಲ್ಲಿ ಕಂಡಿಲ್ಲ. ತುಕ್ಕು ಹತ್ತಿದ ಎಲೆ ಹೊತ್ತಿಗೆ ಮುಂಚೆ ಉದುರುತ್ತದೆ. ಎಲೆಯಿಲ್ಲದ ಕೊಂಬೆ ಕಾಯಿಯನ್ನು ಸಾಕಲಾರದೆ ತುದಿಯಿಂದ ಒಣಗುತ್ತದೆ. ಈ ವರ್ಷ ಬೆಳೆದ ಕೊಂಬೆಯೇ ಮುಂದಿನ ವರ್ಷ ಹೂಮಳೆಗೆ ಹೂ ಬಿಡಬೇಕಾದ್ದರಿಂದ ನಷ್ಟ ಮುಂದಿನ ವರ್ಷಕ್ಕೂ ಸಾಗುತ್ತದೆ. ಕಾಯಿ ಹೆಚ್ಚು ಹೊತ್ತ ಗಿಡಕ್ಕೇ ತುಕ್ಕು ಹೆಚ್ಚು ಹತ್ತುವುದು ಇದರ ಇನ್ನೊಂದು ಕ್ರೌರ್ಯ. ಬಸುರಿಯಾದ ಗಿಡವನ್ನೇ ಅದು ಹಿಡಿಯುತ್ತದೆ ಎಂದು ಅಮ್ಮ ಹೇಳುತ್ತಿದ್ದರು.

ಮುರಿಯದೆ ಒಳಹೋಗುವುದು

ಈಗ ಆ ಎರಡು ಚಿತ್ರಗಳಿಗೆ ಮರಳುತ್ತೇನೆ. ಹಾಸ್ಟೋರಿಯಂ ಎಂಬುದನ್ನು ಕನ್ನಡದಲ್ಲಿ ಹೀರುಬೇರು ಎನ್ನುತ್ತೇವೆ, ಆದರೆ ಅದು ಬೇರೂ ಅಲ್ಲ, ಸೂಜಿಯಂತೆ ಚುಚ್ಚಿ ಹೀರುವ ಕೊಳವೆಯೂ ಅಲ್ಲ. ಶಿಲೀಂಧ್ರದ ಎಳೆ ಎಲೆಯ ಜೀವಕೋಶದ ಹೊರಗೋಡೆಯಲ್ಲಿ ಸಣ್ಣ ಕಂಡಿ ಕೊರೆಯುತ್ತದೆ ನಿಜ, ಆದರೆ ಅದರ ಒಳಗಿನ ಜೀವಪೊರೆಯನ್ನು ಹರಿಯುವುದಿಲ್ಲ. ಬಲೂನಿಗೆ ಬೆರಳು ಒತ್ತಿದರೆ ಬಲೂನು ಒಡೆಯದೆ ಬೆರಳಿನ ಸುತ್ತ ಒಳಕ್ಕೆ ಬಾಗುವಂತೆ, ಆ ಪೊರೆ ಶಿಲೀಂಧ್ರದ ಉಬ್ಬನ್ನು ಸುತ್ತುವರಿದು ಒಳಬಾಗುತ್ತದೆ. ಎರಡು ಜೀವಗಳ ನಡುವೆ ತೆಳ್ಳನೆಯ ಒಂದು ಅಂತರ ಉಳಿಯುತ್ತದೆ. ಆ ಅಂತರದ ಮೂಲಕ ಸಕ್ಕರೆ ಮತ್ತು ಅಮೈನೋ ಆಮ್ಲಗಳು ದಾಟುತ್ತವೆ. ಬೀನ್ಸಿನ ಬಳಗಕ್ಕೆ ಬರುವ ತುಕ್ಕಿನ ಹೀರುಬೇರಿನಲ್ಲಿ, ಸಕ್ಕರೆಯನ್ನು ಒಳಕ್ಕೆ ಎಳೆದುಕೊಳ್ಳುವುದಕ್ಕೇ ಇರುವ ಪ್ರೋಟೀನನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಜೀವಕೋಶ ಸತ್ತರೆ ತುಕ್ಕೂ ಸಾಯುತ್ತದೆ. ಸತ್ತ ಎಲೆಯ ಮೇಲೆ ಅದು ಬೆಳೆಯುವುದಿಲ್ಲ. ಹೀಗಾಗಿ ಕೆಲವು ತುಕ್ಕುಗಳು ತಾವು ಕೂತ ಜಾಗದ ಸುತ್ತ ಎಲೆಯನ್ನು ಹಣ್ಣಾಗಲು ಬಿಡುವುದಿಲ್ಲ. ಎಲೆಯೆಲ್ಲ ಹಳದಿಯಾದ ಮೇಲೂ ಅಲ್ಲೊಂದು ಹಸಿರು ದ್ವೀಪ ಉಳಿದಿರುತ್ತದೆ.

ತಾಟೆಯ ಮಾಸನ್ನು ಇದರ ಪಕ್ಕದಲ್ಲಿಟ್ಟು ನೋಡಿದಾಗ ನನಗೆ ಕಾಣುವುದು ಒಂದೇ ಬಗೆಯ ಜಾಣ್ಮೆ. ಅಲ್ಲಿಯೂ ತಾಯಿಯ ರಕ್ತ ಮರಿಯ ರಕ್ತ ಬೆರೆಯುವುದಿಲ್ಲ. ಅಲ್ಲಿಯೂ ಎರಡು ಪೊರೆಗಳು ಮೈಗೆ ಮೈ ಒತ್ತಿ ನಿಂತು, ನಡುವಿನ ತೆಳು ಅಂತರದ ಮೂಲಕ ಒಂದು ಜೀವದ ಉಣಿಸು ಇನ್ನೊಂದಕ್ಕೆ ದಾಟುತ್ತದೆ. ಮರಿಯ ಅರ್ಧ ಅಂಶ ತಂದೆಯದಾದ್ದರಿಂದ ತಾಯಿಯ ದೇಹಕ್ಕೆ ಅದು ಅರ್ಧ ಪರಕೀಯವೇ. ತುಕ್ಕಂತೂ ಪೂರ್ತಿ ಪರಕೀಯ. ಎಲೆಯ ಕಾವಲನ್ನು ಮಲಗಿಸುವ ಪ್ರೋಟೀನುಗಳನ್ನು ಅದು ಹೀರುಬೇರಿನಿಂದ ಒಳಕ್ಕೆ ಬಿಡುತ್ತದೆ. ಮೇಯ್ನ್ ಕಂಡ ಕುಲಗಳ ಗುಟ್ಟು ಇರುವುದೂ ಈ ಬಾಗಿಲಿನಲ್ಲೇ: ತಳಿಯ ಕಾವಲು ಗುರುತು ಹಿಡಿಯುವ ಕಳ್ಳನ ಮುಖವನ್ನು ಕುಲ ಬದಲಿಸಿಕೊಳ್ಳುತ್ತದೆ.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಅಂಗದ ರಚನೆಯಲ್ಲಿ ನಾನು ಅದನ್ನು ಹುಡುಕಿ ಸೋತೆ. ಕೊಡುವವರಿಗೆ ಮುಂದೆ ಏನಾಗುತ್ತದೆ ಎಂಬಲ್ಲಿ ಮಾತ್ರ ಅದು ಸಿಗುತ್ತದೆ. ತಾಯಿ ತಾಟೆ ಕೊಟ್ಟ ಉಣಿಸು ಅವಳ ವಂಶವಾಗಿಯೇ ಸಮುದ್ರಕ್ಕೆ ಇಳಿಯುತ್ತದೆ. ಕಾಫಿ ಗಿಡ ಕೊಟ್ಟ ಸಕ್ಕರೆ ಹುಡಿಯಾಗಿ ಗಾಳಿಗೆ ಹಾರಿ ಪಕ್ಕದ ಗಿಡವನ್ನು ಹಿಡಿಯುತ್ತದೆ, ಗಿಡದ ಪಾಲಿಗೆ ಏನೂ ಉಳಿಯುವುದಿಲ್ಲ. ಒಂದರಲ್ಲಿ ಗರ್ಭಕೋಶದ ಗೋಡೆ ಮರಿಯ ಬಳ್ಳಿಗಾಗಿ ತಾನೇ ಮುಂದೆ ಬಂದು ಬಟ್ಟಲಿನಂತೆ ಬೆಳೆಯುತ್ತದೆ. ಇನ್ನೊಂದರಲ್ಲಿ ಎಲೆ ಯಾವ ಬಟ್ಟಲನ್ನೂ ಒಡ್ಡಿಲ್ಲ, ಉಸಿರಾಡಲೆಂದು ಬಾಗಿಲು ತೆರೆದಿದೆ ಅಷ್ಟೆ. ಅಪ್ಪ ಹೇಳಿದ ‘ಬಡವ ಮಾಡುತ್ತೆ’ ಎಂಬ ಮಾತು ಎರಡಕ್ಕೂ ಸಲ್ಲುತ್ತದೆ ಎಂಬುದೂ ನಿಜ. ಹೆತ್ತವರಾರೂ ಬಡವಾಗದೆ ಹೆತ್ತಿಲ್ಲ.

ಇವೆರಡರ ನಡುವೆ ಬರೀ ಹೋಲಿಕೆಯಲ್ಲ, ದೂರದ ನಂಟೂ ಇದೆ ಎಂಬುದು ನನಗೆ ತಿಳಿದದ್ದು ಇನ್ನೂ ತಡವಾಗಿ. ನಾವು ಓದುವಾಗ ಶಿಲೀಂಧ್ರಗಳು ಸಸ್ಯಶಾಸ್ತ್ರದ ಮನೆಯಲ್ಲಿದ್ದವು, ಮೇಲಿನ ಮಹಡಿಯಲ್ಲಿ. ಆದರೆ ನಾನು ಕಾಲೇಜು ಸೇರುವುದಕ್ಕೂ ಮೊದಲೇ, 1993ರಲ್ಲಿ, ಜೀವಿಗಳ ಅಣುಗಳನ್ನು ಹೋಲಿಸಿ ನೋಡಿದವರು ಶಿಲೀಂಧ್ರಗಳು ಗಿಡಗಳಿಗಿಂತ ಪ್ರಾಣಿಗಳಿಗೆ ಹತ್ತಿರದ ಬಂಧುಗಳು ಎಂದು ತೋರಿಸಿಯಾಗಿತ್ತು. ಎರಡೂ ಕೂಡಿಡುವುದು ಪಿಷ್ಟವನ್ನಲ್ಲ, ಗ್ಲೈಕೋಜನ್ನನ್ನು. ಎರಡರ ಮೂಲದಲ್ಲೂ ಹಿಂದುಗಡೆ ಒಂದೇ ಬಾಲವಿದ್ದು ಈಜುತ್ತಿದ್ದ ಒಂಟಿ ಕೋಶವಿತ್ತು. ಪ್ರಾಣಿಗಳ ವೀರ್ಯಾಣುವಿನಲ್ಲಿ ಆ ಬಾಲ ಇಂದಿಗೂ ಇದೆ, ನೀರಿನ ಕೆಲವು ಶಿಲೀಂಧ್ರಗಳ ಬೀಜಾಣುವಿನಲ್ಲೂ ಇದೆ, ತುಕ್ಕು ಅದನ್ನು ಕಳೆದುಕೊಂಡಿದೆ. ಅವು ಬೇರೆಯಾದದ್ದು ನೂರು ಕೋಟಿ ವರ್ಷಗಳಿಗೂ ಹಿಂದೆ. ಆದರೂ ಅಪ್ಪ ನನ್ನ ಪುಟದ ಮೇಲಿಟ್ಟ ಆ ಎಲೆಯಲ್ಲಿ ಎಲೆಗಿಂತ ಅದರ ಮೇಲಿನ ಹುಡಿಯೇ ತಾಟೆಗೆ ಹತ್ತಿರದ್ದಾಗಿತ್ತು, ನನಗೂ ಅಪ್ಪನಿಗೂ ಹತ್ತಿರದ್ದಾಗಿತ್ತು.

ಕಣ್ಣಿಲ್ಲದೆ ಹುಡುಕುವ ಬಗೆಯಲ್ಲೂ ಇವು ನನ್ನನ್ನು ಬೆರಗುಗೊಳಿಸಿವೆ. ತಾಟೆಯ ಮೂತಿಯನ್ನು ಒತ್ತಿದರೆ ಸಣ್ಣ ತೂತುಗಳಿಂದ ಲೋಳೆ ಒಸರುತ್ತದೆ. ಅವು ಲೊರೆಂಜಿನಿಯ ಹೆಸರಿನ ಕುಪ್ಪಿಗಳು. ಮರಳಿನಡಿ ಅಡಗಿದ ಜೀವಿಯ ದೇಹದಿಂದ ಹೊಮ್ಮುವ ಅತಿ ಕ್ಷೀಣ ವಿದ್ಯುತ್ತನ್ನು ಅವು ಹಿಡಿಯುತ್ತವೆ. ತುಕ್ಕಿನ ಬೀಜಾಣು ರಾತ್ರಿಯ ಕತ್ತಲಲ್ಲಿ, ಎಲೆಯ ಮೇಲೆ ನೀರಿನ ಹನಿ ಇದ್ದಾಗ ಮೊಳೆಯುತ್ತದೆ. ಬೆಳಕು ಅದಕ್ಕೆ ಆಗದು. ಮೊಳೆತ ಎಳೆ ಎಲೆಯ ಮೈಯನ್ನು ತಡವುತ್ತಾ ಪತ್ರರಂಧ್ರವನ್ನು ಹುಡುಕುತ್ತದೆ. ಹುರುಳಿಕಾಯಿ ಗಿಡದ ತುಕ್ಕಿನಲ್ಲಿ ಇದನ್ನು ಅಳೆದು ನೋಡಿದ್ದಾರೆ: ರಂಧ್ರದ ತುಟಿಯಂಚಿನಷ್ಟು, ಅಂದರೆ ಅರ್ಧ ಮೈಕ್ರೋಮೀಟರ್ ಎತ್ತರದ ಏಣು ಸಿಕ್ಕರೆ ಸಾಕು, ಅದು ಅಲ್ಲೇ ನಿಂತು ಒಳನುಗ್ಗಲು ಸಿದ್ಧವಾಗುತ್ತದೆ. ಪ್ಲಾಸ್ಟಿಕ್ಕಿನ ಮೇಲೆ ಅಂಥ ಏಣು ಮಾಡಿಟ್ಟರೂ ಮೋಸಹೋಗಿ ನಿಲ್ಲುತ್ತದೆ. ಆಹಾರದ ಸುಳಿವಿಗಾಗಿ ಹೀಗೆ ಕತ್ತಲಲ್ಲಿ ಮೈದಡವುವ ಜೀವವನ್ನು ಬರೀ ಶತ್ರು ಎಂದು ಕರೆದು ಸುಮ್ಮನಾಗಲು ನನಗೆ ಸಾಧ್ಯವಾಗುತ್ತಿಲ್ಲ, ನಮ್ಮ ಮನೆಯ ಸಾಲದ ಒಂದು ಭಾಗಕ್ಕೆ ಅದೇ ಕಾರಣವಾಗಿದ್ದರೂ.

ಹನ್ನೊಂದು ಮತ್ತು ಮೂರು ಲಕ್ಷ

ಕಾಫಿ ಎಲೆಯ ಮೇಲಿನ ತುಕ್ಕಿನ ಒಂದೇ ಒಂದು ಮಚ್ಚೆ ಕೆಲವು ತಿಂಗಳುಗಳಲ್ಲಿ ಮೂರರಿಂದ ನಾಲ್ಕು ಲಕ್ಷ ಬೀಜಾಣುಗಳನ್ನು ಉದುರಿಸುತ್ತದೆ. ಒಂದಕ್ಕೂ ಅದು ದಾರಿ ತೋರಿಸುವುದಿಲ್ಲ. ಹೆಚ್ಚಿನವು ಮಣ್ಣಿಗೆ, ಕಲ್ಲಿಗೆ, ಬಿಸಿಲಿಗೆ ಬಿದ್ದು ಸಾಯುತ್ತವೆ. ನಮ್ಮ ತಾಟೆ ಒಂದು ಸೂಲಿಗೆ ಹಾಕುವುದು ಸಾಮಾನ್ಯವಾಗಿ 6ರಿಂದ 18 ಮರಿ, ಪ್ರತಿಯೊಂದನ್ನೂ ಬಳ್ಳಿ ಕಟ್ಟಿ ಸಾಕಿ. ಮರಿಯೊಂದಕ್ಕೆ ತಾಯಿ ಹೆಚ್ಚು ಕೊಟ್ಟಷ್ಟೂ ಮರಿಗಳ ಎಣಿಕೆ ಕಡಿಮೆಯಾಗಲೇಬೇಕು, ಹೊಟ್ಟೆಯಲ್ಲಿರುವ ಜಾಗ ಅಷ್ಟೇ. ಹೊರಗಿನಿಂದ ಹೊಡೆತ ಬಿದ್ದಾಗ ಈ ಲೆಕ್ಕದ ಅರ್ಥ ತಿಳಿಯುತ್ತದೆ. ನೂರೈವತ್ತು ವರ್ಷಗಳಿಂದ ಮನುಷ್ಯರು ಮೈಲುತುತ್ತ, ತಳಿ ಸಂಶೋಧನೆ, ಕ್ವಾರಂಟೈನ್ ಎಲ್ಲವನ್ನೂ ತುಕ್ಕಿನ ಮೇಲೆ ಪ್ರಯೋಗಿಸಿದ್ದಾರೆ. ಅದು 1970ರಲ್ಲಿ ಸಮುದ್ರ ದಾಟಿ ಬ್ರೆಜಿಲ್ ಮುಟ್ಟಿತು, 2012ರ ಹೊತ್ತಿಗೆ ಮಧ್ಯ ಅಮೆರಿಕದ ಸಣ್ಣ ಬೆಳೆಗಾರರನ್ನು ಬೀದಿಗೆ ತಂದಿತು. ತಾಟೆಯನ್ನು ಅಳಿಸಬೇಕೆಂದು ಯಾರೂ ಹೊರಟಿಲ್ಲ. ಸಿಗಡಿಗೆಂದು ತಳ ಗುಡಿಸುವ ಟ್ರಾಲ್ ಬಲೆಯಲ್ಲಿ ಅದು ಜೊತೆಗೆ ಬರುತ್ತದೆ, ದೊಡ್ಡದೂ ಬರುತ್ತದೆ, ಬಸುರಿಯೂ ಬರುತ್ತದೆ, ಹುಟ್ಟಿ ವಾರವಾಗದ್ದೂ ಬರುತ್ತದೆ. ತಾಟೆಗಳ ಪೈಕಿ ಇದು ಬೇಗ ಪ್ರಾಯಕ್ಕೆ ಬರುವ, ವರ್ಷವಿಡೀ ಮರಿ ಹಾಕುವ ಜಾತಿಯಾದ್ದರಿಂದ ಇಷ್ಟು ಕಾಲ ತಾಳಿಕೊಂಡಿದೆ. ಅದಕ್ಕಿಂತ ದೊಡ್ಡ, ನಿಧಾನವಾಗಿ ಬೆಳೆಯುವ ಬಂಧುಗಳು ಅಷ್ಟೂ ತಾಳಲಿಲ್ಲ. ಇದನ್ನೂ ಈಗ ಅಪಾಯಕ್ಕೆ ಸಮೀಪವಾಗಿರುವ ಜಾತಿಗಳ ಪಟ್ಟಿಯಲ್ಲಿ ಸೇರಿಸಿದ್ದಾರೆ. ಕಾಲೇಜುಗಳ ಮೇಣದ ತಟ್ಟೆಯಿಂದ ಅದಕ್ಕೆ ಬಿಡುಗಡೆ ಸಿಕ್ಕಿದೆ. 2014ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ ತರಗತಿಗಳ ಪ್ರಾಣಿ ಛೇದನವನ್ನು ನಿಲ್ಲಿಸಿತು. ಆದರೆ ಕಾಲೇಜುಗಳು ಕೊಯ್ದದ್ದು ಬಲೆಗಳಿಗೆ ಬಿದ್ದದ್ದರ ಮುಂದೆ ಎಷ್ಟರದು?

ವರ್ಷದಲ್ಲಿ ಒಂದು ಅವಧಿ ಮಾತ್ರ ಎರಡಕ್ಕೂ ಒಟ್ಟಿಗೆ ಒದಗಿ ಬರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ದೋಣಿಗಳು ಮಲ್ಪೆಯಲ್ಲಿ ಸಾಲಾಗಿ ನಿಲ್ಲುತ್ತವೆ, ತಾಟೆಗಳು ಬಲೆಯಿಲ್ಲದ ನೀರಿನಲ್ಲಿ ಮರಿ ಹಾಕುತ್ತವೆ. ಅದೇ ಮೋಡಗಳು ಆಗುಂಬೆಯನ್ನು ಹತ್ತಿ ಬಂದು ನಮ್ಮ ತೋಟದ ಎಲೆಗಳನ್ನು ಹಗಲು ರಾತ್ರಿ ತೋಯಿಸುತ್ತವೆ, ಹುಡಿಗೆ ಬೇಕಾದ ಹನಿ ಎಲ್ಲ ಎಲೆಯ ಬೆನ್ನಿಗೂ ತಲುಪುತ್ತದೆ.

ಕಳೆದ ಆಗಸ್ಟಿನಲ್ಲಿ, ದೋಣಿಗಳು ಮತ್ತೆ ಕಡಲಿಗಿಳಿದು ಎರಡು ವಾರವಾಗಿದ್ದಾಗ, ಕೆಲಸದ ಮೇಲೆ ಉಡುಪಿಗೆ ಹೋಗಿದ್ದೆ. ತಂಗಿಯ ಮಗಳು ಬಾಣಂತಿ. ಹಳೆಯ ಮನೆಯೊಡತಿ ಅಕ್ಕನ ಮಾತು ನೆನಪಾಗಿ ಮಲ್ಪೆಯ ಬಂದರಿಗೆ ಹೋಗಿ ತಾಟೆ ಕೇಳಿದೆ. ಮೀನು ಮಾರುವ ಹೆಂಗಸು ಬುಟ್ಟಿಯಿಂದ ಮೊಳದುದ್ದದ ಎರಡನ್ನು ಎತ್ತಿ ತೂಗಿ, ಶುಚಿ ಮಾಡಿ ಕೊಡುತ್ತೇನೆಂದು ಕತ್ತಿ ಹಾಕಿದಳು. ಮೊದಲನೆಯದರ ಹೊಟ್ಟೆಯಿಂದ ಕರುಳಿನ ಜೊತೆಗೆ ಮರಿಗಳು ಹಲಗೆಯ ಮೇಲೆ ಜಾರಿದವು. ಬಳ್ಳಿಗಳು ಇನ್ನೂ ಅಂಟಿಕೊಂಡೇ ಇದ್ದವು. ‘ಇದನ್ನೂ ಹಾಕಲಾ ಅಕ್ಕಾ? ಮೆತ್ತಗಿರ್ತದೆ, ಬಾಣಂತಿಗೆ ಒಳ್ಳೇದು’ ಎಂದಳು. ನಾನು ಎಣಿಸಲು ಹೋದೆ. ಒಂಬತ್ತರವರೆಗೆ ಎಣಿಸಿದ ಮೇಲೆ ಬೇಡವೆಂದೆ. ಅವಳು ಮರಿಗಳನ್ನು ಒಂದು ಬದಿಗೆ ಸರಿಸಿ, ತಾಯಿಯನ್ನು ತುಂಡು ಮಾಡಿ ಚೀಲಕ್ಕೆ ತುಂಬಿದಳು.

ಘಾಟಿ ಹತ್ತುವಾಗ ತಮ್ಮನ ಫೋನ್ ಬಂತು. ಬೋರ್ಡೋಗೆ ಎಲ್ಲ ತಂದಿಟ್ಟಿದ್ದೇನೆ, ಎರಡು ದಿನ ಹೊಳವಾದರೆ ಸಾಕು, ಹೊಡೆದುಬಿಡಬಹುದು ಎಂದ. ಎಲೆ ನೋಡಿದೆಯಾ ಎಂದು ಕೇಳಿದೆ. ಕೆಳಗಿನ ತೋಟದಲ್ಲಿ, ಈ ಸಲ ಕಾಯಿ ಚೆನ್ನಾಗಿ ಹಿಡಿದಿರುವ ಕಡೆಯೇ, ಬೆನ್ನೆಲ್ಲ ಕಿತ್ತಳೆಯಾಗಿದೆ ಎಂದ. ಆಗುಂಬೆಯ ತಿರುವುಗಳಲ್ಲಿ ಮಳೆ ಇನ್ನೂ ಬಿಟ್ಟಿರಲಿಲ್ಲ.